ಬರೆ ಅಂದರೆ

ಸ್ಕೂಲ್ ವ್ಯಾನ್ ಓಡಿಸುವ ಪುಟ್ಟರಾಜು ನಗುನಗುತ್ತಲೇ ಕೇಳಿದ್ದ, ಅದಕ್ಕೇ ರೂಪಶ್ರೀಗೆ ಅಷ್ಟು ಉರಿದದ್ದು. ‘ಏನ್ ಪುಟ್ಟಿ, ಕೈಗೆ ಬಟ್ಟೆ ಸುತ್ಕಂಡ್ಬುಟ್ಟಿದ್ದೀಯ, ಅಮ್ಮ ಬರೆಗಿರೆ ಎಳುದ್ರಾ?’ ಕೇಳಿದವನು ಉತ್ತರಕ್ಕೂ ಕಾಯಲಿಲ್ಲ. ಮಗಳು ಪ್ರೇಕ್ಷಾಳ ಬ್ಯಾಗನ್ನು ಸೀಟಿನಡಿ ತಳ್ಳಿ, ಬಾಗಿಲು ಜಾರಿಸಿ, ಹೊರಟೇಬಿಟ್ಟ. ಗೇಟಿನಲ್ಲಿ ನಿಂತಿದ್ದ ಅವಳಿಗೆ ‘ಇಲ್ಲ ಕಣಪ್ಪ, ಬಿಸಿ ತಾಗಿದ್ದು’ ಅನ್ನುವ ಮಾತು ಬಾಯಿಗೆ ಬರುವಷ್ಟರಲ್ಲಿ ವ್ಯಾನು ಬೀದಿಯ ತಿರುವು ದಾಟಿತ್ತು. ಈಗ ಹೊತ್ತೇರಿತ್ತು. ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯಲ್ಲಿ ಕೂತು ಯಾರದೋ ಜಮೀನು ಭಾಗ ಮಾಡಿಸುವ ಪೋಡಿ ಅರ್ಜಿ ಟೈಪು ಮಾಡುತ್ತಿದ್ದಳು. ಬೆರಳು ಸರ್ವೆ ನಂಬರು ಹೊಡೆಯುತ್ತಿದ್ದರೂ ಮನಸ್ಸು ಇನ್ನೂ ಗೇಟಿನಲ್ಲೇ ನಿಂತು ಪುಟ್ಟರಾಜುವಿಗೆ ಉತ್ತರ ಕೊಡುತ್ತಿತ್ತು. ಬಿಸಿ ತಾಗಿದ್ದು. ದೋಸೆ ಮಗುಚುವ ಕಬ್ಬಿಣದ ಕೈ ತಾಗಿದ್ದು. ನಾನು ಅಡುಗೆಮನೆಯಲ್ಲೇ ಇರಲಿಲ್ಲ. ಛೇ, ಇಷ್ಟನ್ನೆಲ್ಲ ಒಬ್ಬ ವ್ಯಾನಿನವನಿಗೆ ಯಾಕೆ ಹೇಳಬೇಕು? ಹೇಳದೆ ಬಿಟ್ಟರೆ ಅವನು ಅಂದದ್ದೇ ಉಳಿಯಿತಲ್ಲ. ಹೇಳಿದರೆ, ತಮಾಷೆಗೆ ಕೇಳಿದ್ದಕ್ಕೆ ಇಷ್ಟುದ್ದ ಯಾಕೆ ಬಿಚ್ಚುತ್ತಾಳೆ ಈವಮ್ಮ, ಏನೋ ಇರಬೇಕು ಅಂದುಕೊಳ್ಳುತ್ತಾನೆ. ‘ಅವ್ವ, ನನ್ನೆಸ್ರು ಗುಂಡಯ್ಯ. ಗುಂಡಣ್ಣ ಅಂತ ಒಡ್ದಿದ್ದೀರಿ ನೋಡಿ’ ಅಂತ ಎದುರು ಕೂತ ಮುದುಕ ಪರದೆಯ ಕಡೆ ಬೆರಳು ಮಾಡಿದ. ಅಳಿಸಿ ಹೊಡೆದಳು. ಒಂದಕ್ಷರ ತಪ್ಪಿದರೆ ಇವರ ಜಮೀನೇ ಕೈಬಿಟ್ಟು ಹೋಗುತ್ತದೆ. ಆದರೂ ಪುಣ್ಯವಂತರು, ತಿದ್ದಿಸಿಕೊಳ್ಳುವುದಕ್ಕೆ ಒಂದು ಅಂಗಡಿಯಾದರೂ ಇದೆ.

ಅಷ್ಟಕ್ಕೂ ಆದದ್ದೇನು? ಶುಕ್ರವಾರ ಕೊಟ್ಟ ಹೋಂವರ್ಕು ಭಾನುವಾರ ಬೆಳಿಗ್ಗೆಯೂ ಹಾಗೇ ಬಿದ್ದಿತ್ತು. ‘ಅ’ಯಿಂದ ಶುರುವಾಗಿ ಒಂದು ಪುಟ, ಯುಕೆಜಿಯ ಮಗುವಿಗೆ ಅದೊಂದು ಬೆಟ್ಟ. ಪ್ರೇಕ್ಷಾ ಅಡುಗೆಮನೆಯ ಹೊಸಿಲಲ್ಲಿ ಪುಸ್ತಕ ಹರಡಿಕೊಂಡು ‘ಋ’ ಅಕ್ಷರದ ಬಾಲದ ಹತ್ತಿರ ನಿಂತೇಬಿಟ್ಟಿದ್ದಳು. ಪೆನ್ಸಿಲಿನ ಹಿಂಬದಿ ಕಚ್ಚುವುದು, ಇರುವೆ ಸಾಲನ್ನು ಕಾಲುಬೆರಳಿನಿಂದ ತಡೆಯುವುದು, ಮತ್ತೆ ಕಚ್ಚುವುದು. ರೂಪಶ್ರೀ ಕಾವಲಿಗೆ ಹಿಟ್ಟು ಹುಯ್ಯುತ್ತ ‘ಬರೆ’ ಅಂದಳು. ಮಗುಚುತ್ತ ‘ಬರೆ ಪುಟ್ಟಿ’ ಅಂದಳು. ಆಮೇಲೆ ಹಿಟ್ಟು ಅಂಟಿಕೊಂಡಿತು, ದೋಸೆ ಹರಿಯಿತು, ಅತ್ತೆ ಹಿತ್ತಿಲಿಂದ ‘ಕಾಪಿ ಆಯ್ತೇನವ್ವ’ ಅಂದರು, ಆಗ ಬಾಯಿಂದ ಬಂತು: ‘ಬರೆ ಬರೆ ಅಂತ ಬಾಯಿ ನೋಯ್ತದೆ ನಂಗೆ. ಬರೆ ಅಂದ್ರೆ ಬರೀತೀಯೋ, ಇಲ್ಲ ಬರೆ ಎಳೀಲೋ?’ ಎರಡೂ ‘ಬರೆ’ ಎದುರುಬದುರು ಬಿದ್ದದ್ದಕ್ಕೆ ಕಿಟಕಿಯಾಚೆ ದಾಸವಾಳ ಬಿಡಿಸುತ್ತಿದ್ದ ಪಕ್ಕದ ಮನೆಯ ಸರಸಮ್ಮ ಕಿಸಕ್ಕನೆ ನಕ್ಕು ‘ಚೆನ್ನಾಗಿ ಹೇಳಿದ್ರಿ ಕಣ್ರೀ’ ಅಂದದ್ದೂ, ತಾನೂ ಸೌಟು ಹಿಡಿದುಕೊಂಡೇ ನಕ್ಕದ್ದೂ ಈಗ ನೆನಪಿಗೆ ಬಂತು. ಯಾರು ಅನ್ನುವುದಿಲ್ಲ ಆ ಮಾತನ್ನ? ಬಾಯಿಗೆ ಬರುವ ಮಾತು ಅದು, ಕೈಗೆ ಬರುವುದಲ್ಲ. ಹಾಲಿನವನು ಗೇಟಿನಲ್ಲಿ ಹಾರನ್ ಹೊಡೆದ. ಉರಿ ಸಣ್ಣ ಮಾಡಿ, ಮಗುಚುವ ಕೈಯನ್ನು ಕಾವಲಿಯ ಅಂಚಿಗಿಟ್ಟು, ಪಾತ್ರೆ ತೆಗೆದುಕೊಂಡು ಹೋದಳು. ಹಾಲು ಹುಯ್ಯುತ್ತಿರುವಾಗಲೇ ಒಳಗಿಂದ ಆ ಕೂಗು.

ಆಮೇಲೆ ತಾನು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಇದನ್ನು ಅವಳು ಬೆಳಗಿನಿಂದ ಎಷ್ಟೋ ಸಲ ತನಗೇ ಹೇಳಿಕೊಂಡಿದ್ದಾಳೆ, ಯಾರಾದರೂ ಕೇಳುತ್ತಾರೆ ಎಂಬಂತೆ. ಮಗುವಿನ ಎಡ ಮುಂಗೈ ಮೇಲೆ ಒಂದು ಗೆರೆ, ಬೆರಳುದ್ದ, ಕೆಂಪಗೆ. ಹಾಸನದ ಕಾಲೇಜಿನಲ್ಲಿ ಓದುವಾಗ ಶಿಬಿರವೊಂದರಲ್ಲಿ ಒಬ್ಬ ಡಾಕ್ಟರು ಕಿವಿ ತೂತಾಗುವಂತೆ ಹೇಳಿದ್ದರು, ಸುಟ್ಟರೆ ಮೊದಲು ನಲ್ಲಿ ನೀರು, ಆಮೇಲೆ ನಲ್ಲಿ ನೀರು, ಸಾಕು ಅನ್ನಿಸಿದ ಮೇಲೂ ನಲ್ಲಿ ನೀರು. ಐಸು ಬೇಡ, ಪೇಸ್ಟು ಬೇಡ, ಬೆಣ್ಣೆ ಬೇಡ. ಅದನ್ನೇ ಮಾಡಿದಳು. ಕೈ ಊದುವ ಮುಂಚೆ ಬಳೆ ಜಾರಿಸಿದಳು, ಮಗುವನ್ನು ಸೊಂಟಕ್ಕೆ ಒತ್ತಿ ಹಿಡಿದು, ತೋಳನ್ನು ಸಿಂಕಿನ ನಲ್ಲಿಯ ಕೆಳಗೆ ಹಿಡಿದಳು. ಹಿಡಿದೇ ಇದ್ದಳು. ಪ್ರೇಕ್ಷಾ ಕೊಸರಿದಳು, ಒದ್ದಳು, ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿದಳು, ‘ಬಿಡಮ್ಮ, ಸಾಕಮ್ಮ, ಇನ್ ಮಾಡಲ್ಲಮ್ಮ.’ ಅತ್ತೆ ಜಯಲಕ್ಷ್ಮಮ್ಮ ಒದ್ದೆ ಸೆರಗಿನಲ್ಲಿ ಓಡಿ ಬಂದು, ‘ನೀರ್ ಬುಡ್ಬ್ಯಾಡ ಕಣವ್ವ, ಬೊಬ್ಬೆ ಎದ್ಬುಡ್ತದೆ, ಬುಡು ಆ ಕೂಸ್ನ’ ಅಂತ ಟೂತ್‌ಪೇಸ್ಟಿನ ಟ್ಯೂಬು ಹಿಡಿದು ಅವಳ ಕಂಕುಳ ಸಂದಿಯಿಂದ ಕೈ ತೂರಿಸಿದರು. ರೂಪಶ್ರೀ ಮೊಣಕೈಯಿಂದ ಆ ಕೈಯನ್ನು ತಳ್ಳಿದಳು. ಹೌದು, ತಳ್ಳಿದಳು. ಕಿಟಕಿಯಲ್ಲಿ ಸರಸಮ್ಮನ ಮುಖ ಬಂತು, ‘ಪಾಪ ಕಣ್ರೀ, ಸಾಕು ಬಿಡ್ರೀ’ ಅಂದಿತು. ಬಿಡಲಿಲ್ಲ. ಗಡಿಯಾರದ ದೊಡ್ಡ ಮುಳ್ಳು ಕಾಲು ಸುತ್ತಿಗಿಂತ ಹೆಚ್ಚು ಹೋಗುವವರೆಗೆ ಬಿಡಲಿಲ್ಲ. ಆಮೇಲೆ ಶುಭ್ರವಾದ ಗಾಜ್ ಬಟ್ಟೆ, ಸಡಿಲವಾಗಿ. ಮಧ್ಯಾಹ್ನದ ಹೊತ್ತಿಗೆ ಎರಡು ಬೊಬ್ಬೆ ಎದ್ದವು. ಅತ್ತೆ ಪಿನ್ನು ತಂದರು, ಅದನ್ನೂ ಕಿತ್ತುಕೊಂಡು ಎತ್ತಿಟ್ಟಳು. ಸರಿಯಾದದ್ದನ್ನು ಮಾಡುವುದು ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ಆ ಡಾಕ್ಟರು ಹೇಳಿರಲಿಲ್ಲ. ಕಿರುಚುವ ಮಗು, ಗಟ್ಟಿಯಾಗಿ ಹಿಡಿದುಕೊಂಡ ತಾಯಿ, ಔಷಧಿ ತಂದ ಮುದುಕಿಯನ್ನು ದೂಡಿದ ಮೊಣಕೈ.

ಫೋನು ಬಂದದ್ದು ಗುಂಡಯ್ಯ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತಿರುವಾಗ. ‘ಮೇಡಂ, ನಾನು ಶರ್ವಾಣಿ, ಪ್ರೇಕ್ಷಾ ಕ್ಲಾಸ್ ಮಿಸ್ಸು. ಗಾಬ್ರಿ ಏನಿಲ್ಲ, ಒಂದ್ಸಲ ಬಂದು ಹೋಗಿ.’ ಗಾಬರಿ ಏನಿಲ್ಲ ಎಂಬುದರಲ್ಲೇ ಎಲ್ಲ ಇತ್ತು. ಬಿಸಿಲಿನಲ್ಲಿ ನಡೆಯುತ್ತ ಅವಳು ತನ್ನ ಮೊಣಕೈಯ ಒಳಬದಿಯನ್ನು ಗೊತ್ತಿಲ್ಲದೆ ಉಜ್ಜಿಕೊಳ್ಳುತ್ತಿದ್ದಳು. ಅಲ್ಲಿ ಕಡಲೆ ಗಾತ್ರದ ಎರಡು ಕಲೆಗಳಿವೆ. ಚಿಕ್ಕವಳಿದ್ದಾಗ ಹಿರೀಸಾವೆಯ ಹತ್ತಿರದ ಯಾವುದೋ ಹಳ್ಳಿಯ ಜಗಲಿ, ಕಾಮಾಲೆಗೆ ಬರೆ ಹಾಕುವ ಮನುಷ್ಯ, ಕೆಂಪಗೆ ಕಾದ ಕಬ್ಬಿಣ. ಕೂಗಿದ್ದು ನೆನಪಿಲ್ಲ. ಎರಡೂ ಕೈ ಹಿಡಿದುಕೊಂಡವಳು ಅಮ್ಮ ಅನ್ನುವುದು ನೆನಪಿದೆ, ಅಮ್ಮನ ಬಳೆ ಮಣಿಕಟ್ಟಿಗೆ ಒತ್ತಿದ್ದು ನೆನಪಿದೆ. ಆಮೇಲೆ ಒಂದು ಬಾಳೆಹಣ್ಣು. ಕಾಮಾಲೆ ಹೋಯಿತಂತೆ, ಅದು ಹೇಗೂ ಹೋಗುತ್ತಿತ್ತು ಅಂತ ಕಾಲೇಜಿನಲ್ಲಿ ಗೊತ್ತಾಯಿತು. ಯಾರ ಮೇಲೆ ಸಿಟ್ಟು ಮಾಡುವುದು? ಎಲ್ಲರೂ ಒಳ್ಳೆಯದಕ್ಕೇ ಹಿಡಿದುಕೊಂಡಿದ್ದರು. ಅಂಥ ನನ್ನನ್ನು, ನನ್ನನ್ನು ಕೇಳುತ್ತಾರೆ ಇವರು.

ಸ್ಟಾಫ್ ರೂಮಿನ ಬೆಂಚಿನ ಮೇಲೆ ಪ್ರೇಕ್ಷಾ ಕಾಲು ಆಡಿಸುತ್ತ ಕೂತಿದ್ದಳು. ಕೈಗೆ ಸುತ್ತಿದ್ದ ಬಟ್ಟೆ ಇರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಳ್ಳಗೆ, ದಪ್ಪಗೆ, ಸುಣ್ಣ ಬಳಿದ ಹಾಗೆ ಟೂತ್‌ಪೇಸ್ಟು. ರೂಮಿಗೆಲ್ಲ ಪುದೀನ ವಾಸನೆ.

‘ಯಾರು ಬಿಚ್ಚಿದ್ದು ಇದನ್ನ?’

‘ಕೂತ್ಕೊಳಿ ಮೇಡಂ’ ಅಂದಳು ಶರ್ವಾಣಿ. ಚಿಕ್ಕ ವಯಸ್ಸು, ಕತ್ತಿನಲ್ಲಿ ಐಡಿ ಕಾರ್ಡು, ಬೈಯಲು ಗೊತ್ತಿಲ್ಲದ ಮುಖ. ‘ನೀವು ಏನೂ ಹಚ್ಚಿರ್ಲಿಲ್ಲ ನೋಡಿ, ಬರೀ ಒಣ ಬಟ್ಟೆ ಸುತ್ತಿದ್ರಿ. ಪಾಪ ಅನ್ನಿಸ್ತು, ನಮ್ ಆಯಾ ಹಚ್ಚಿದ್ರು.’

‘ಬೇಕಂತಲೇ ಹಚ್ಚಿರಲಿಲ್ಲ. ಹಚ್ಚಬಾರ್ದು ಅದಕ್ಕೆ.’

‘ಹೌದಾ?’ ಅಂದ ಶರ್ವಾಣಿ ಆಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಬಾಗಿಲು ಮುಚ್ಚಿದ್ದೇ ರೂಪಶ್ರೀಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು. ‘ತಪ್ಪು ತಿಳ್ಕೋಬೇಡಿ. ನಾವು ಕೇಳಿದ್ವಿ, ಏನಾಯ್ತು ಪುಟ್ಟ ಅಂತ. ಅಮ್ಮ ಬರೆ ಎಳೀತೀನಿ ಅಂದ್ರು ಅಂತ ಹೇಳ್ತು.’

‘ಎಳೀತೀನಿ ಅಂದೆ. ಎಳೀಲಿಲ್ಲ.’

‘ಅದೇ ಮೇಡಂ.’

‘ಏನು ಅದೇ? ನಾನು ಹಾಲು ಹಾಕಿಸ್ಕೊಳ್ಳೋಕೆ ಹೋಗಿದ್ದೆ, ಇವ್ಳು ಹೋಗಿ ಮುಟ್ಟಿದಾಳೆ. ಕೇಳಿ ಬೇಕಾದ್ರೆ. ಪುಟ್ಟಿ, ಹೇಳು, ಅಮ್ಮ ಎಳೆದ್ಲಾ?’

ಪ್ರೇಕ್ಷಾ ಅಮ್ಮನ ಮುಖ ನೋಡಿದಳು, ಮಿಸ್ಸಿನ ಮುಖ ನೋಡಿದಳು. ಕಾಲು ಆಡಿಸುವುದು ನಿಂತಿತು. ಪ್ರಾರ್ಥನೆಗೆ ನಿಂತವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡು, ‘ಅಮ್ಮ ಎಳೀಲಿಲ್ಲ ಮಿಸ್’ ಅಂದಳು. ಹೇಳಿಕೊಟ್ಟ ಪದ್ಯ ಒಪ್ಪಿಸಿದ ಹಾಗಿತ್ತು. ಶರ್ವಾಣಿ ಮುಗುಳ್ನಕ್ಕಳು. ಆ ನಗುವಿನಲ್ಲಿ ಒಂದಿಷ್ಟೂ ವಿಷವಿರಲಿಲ್ಲ.

‘ನಾವೇನು ಕಂಪ್ಲೇಂಟ್ ಮಾಡಲ್ಲ ಮೇಡಂ. ನಮ್ಮಮ್ಮನೂ ನಂಗೆ ಎಳ್ದಿದ್ರು, ಇಲ್ನೋಡಿ, ಕಾಲಿಗೆ. ಅವ್ರು ಆವತ್ತು ಎಳ್ದಿದ್ದಕ್ಕೇ ಇವತ್ತು ಮಿಸ್ಸಾಗಿದೀನಿ. ಆದ್ರೆ ಕೈ ಮೇಲೆ ಬೇಡ, ಎಲ್ರಿಗೂ ಕಾಣ್ತದೆ. ಯಾರಾದ್ರೂ ಮೇಲಿನವ್ರು ಬಂದ್ರೆ ಸ್ಕೂಲಿಗೆ ಬರ್ತದೆ ಮಾತು.’

ರೂಪಶ್ರೀಗೆ ಏನೋ ಹೇಳಬೇಕಿತ್ತು. ಕಳ್ಳಿ ಅಂದರೆ ಅಲ್ಲ ಅನ್ನಬಹುದು. ಕದ್ದದ್ದು ಪರವಾಗಿಲ್ಲ, ಮುಂದಿನ ಸಲ ಹುಷಾರಾಗಿ ಕದಿಯಿರಿ ಅಂದರೆ ಏನೆನ್ನುವುದು? ಮಗುವನ್ನು ಎತ್ತಿಕೊಂಡು ಕಾರಿಡಾರಿನ ಕೈ ತೊಳೆಯುವ ನಲ್ಲಿಗೆ ಹೋದಳು. ಪೇಸ್ಟು ಒಣಗಿ ಅಂಚಿನಲ್ಲಿ ಹಿಡಿದುಕೊಂಡಿತ್ತು. ಉಜ್ಜುವ ಹಾಗಿಲ್ಲ, ಬೊಬ್ಬೆ ಒಡೆಯುತ್ತದೆ, ನೀರು ಬಿಟ್ಟು ತಾನಾಗಿ ಕರಗಲು ಬಿಡಬೇಕು. ನೀರು ಬಿದ್ದದ್ದೇ ಪ್ರೇಕ್ಷಾ ನಿನ್ನೆಯ ಪದಗಳನ್ನೇ ಶುರುಮಾಡಿದಳು, ಬಿಡಮ್ಮ, ಸಾಕಮ್ಮ, ಇನ್ ಮಾಡಲ್ಲಮ್ಮ. ತರಗತಿಗಳ ಬಾಗಿಲುಗಳಲ್ಲಿ ಸಣ್ಣ ಸಣ್ಣ ತಲೆಗಳು ಕಾಣಿಸಿಕೊಂಡವು. ಒಳಗಿಂದ ಯಾರೋ ಮಿಸ್ಸು, ‘ಏನ್ ನೋಡ್ತೀರ ಅಲ್ಲಿ, ಬರೀರಿ, ಬರೀರಿ’ ಅಂದರು. ತಲೆಗಳು ಮರೆಯಾದವು. ರೂಪಶ್ರೀ ನೀರಿನ ಕೆಳಗೆ ಆ ತೋಳನ್ನು ಹಿಡಿದುಕೊಂಡು ನಿಂತಳು, ಬಿಡದೆ.

ಮನೆಯಲ್ಲಿ ಅತ್ತೆಯ ಜೊತೆ ಸರಸಮ್ಮನೂ ಕೂತಿದ್ದರು, ಒಂದು ಲೋಳೆಸರದ ಎಸಳು ಹಿಡಿದು. ಇಬ್ಬರೂ ಮಾತು ನಿಲ್ಲಿಸಿದ ರೀತಿಯಿಂದಲೇ ಮಾತು ಯಾವುದಿತ್ತು ಅಂತ ಗೊತ್ತಾಗುತ್ತಿತ್ತು. ಅತ್ತೆ ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ‘ಯಾಕವ್ವ ನನ್ ಕಂದ, ಇಸ್ಕೂಲಲ್ಲೂ ತೊಳುದ್ಬುಟ್ಲಾ ನಿಮ್ಮವ್ವ? ನೀರ್ ಕಂಡ್ರೆ ಬುಡಾದೇ ಇಲ್ಲ ಇವಳು, ಮೀನಿನ್ ಜಾತಿ’ ಅಂದರು. ಪ್ರೇಕ್ಷಾ ನಕ್ಕಳು.

‘ಬೇಜಾರ್ ಮಾಡ್ಕೋಬೇಡಿ ರೂಪಶ್ರೀ’ ಅಂದರು ಸರಸಮ್ಮ, ತಗ್ಗಿದ ದನಿಯಲ್ಲಿ. ‘ನಮ್ಮ ಮುರಳಿಗೂ ನಾನು ಒಂದ್ಸಲ ಸೌಟು ಕಾಯಿಸಿ ಇಟ್ಬಿಟ್ಟಿದ್ದೆ, ಸುಳ್ಳು ಹೇಳ್ದ ಅಂತ. ಆಮೇಲೆ ನಾನೇ ಕೂತು ಅತ್ಬಿಟ್ಟೆ. ಈಗ ಚನ್ನರಾಯಪಟ್ಟಣದಲ್ಲಿ ಲೆಕ್ಚರರು. ಬಂದಾಗೆಲ್ಲ ತೋರಿಸ್ಕೊಂಡು ನಗ್ತಾನೆ, ಅಮ್ಮನ ಸಹಿ ಅಂತ.’

‘ನಾನು ಇಡ್ಲಿಲ್ಲ ಸರಸಮ್ಮ.’

‘ಅಯ್ಯೋ, ನೀವಿಟ್ರಿ ಅಂತ ನಾನೆಲ್ಲಿ ಅಂದೆ?’

‘ನಿಮ್ ಕಿಟ್ಕಿ ಅಲ್ಲೇ ಇದೆಯಲ್ಲ, ನೀವು ನೋಡಿದ್ರಲ್ಲ, ನಾನು ಗೇಟಿಗೆ ಹೋಗಿದ್ದು.’

‘ನಾನು ಆಗ ಹೂವು ಒಳಗಿಟ್ಟು ಬರೋಕೆ ಹೋಗಿದ್ದೆ ಕಣ್ರೀ. ಕೂಗಿದ ಮೇಲೆ ಬಂದಿದ್ದು.’

‘ಇಕ್ಕಿದ್ರೇನಂತೆ ಬುಡಿ ಸರಸಮ್ನೋರೆ’ ಅಂತ ಜಯಲಕ್ಷ್ಮಮ್ಮ ನಡುವೆ ಬಂದರು, ಸೊಸೆಯ ಪರವಾಗಿ. ಕಟ್ಟಾಯದ ಗೌಡರ ಮಗಳು, ಸೊಸೆಯನ್ನು ನಾಲ್ಕು ಜನರೆದುರು ಬಿಟ್ಟುಕೊಟ್ಟವರಲ್ಲ. ‘ಎತ್ತ ತಾಯ್ಗೆ ಅಷ್ಟೂ ಅಕ್ಕಿಲ್ವಾ? ಎಣ್ ಮಗ, ನಾಳೆ ಇನ್ನೊಬ್ರು ಮನೇಗೋಗದು. ಮೂತಿಗಾಗ್ಲಿಲ್ಲ, ಪುಣ್ಯ.’

ಅಲ್ಲಿಗೆ ಅವಳಿಗೆ ತನ್ನ ಸಿಟ್ಟು ಯಾವುದು ಅಂತ ಸರಿಯಾಗಿ ತಿಳಿಯಿತು. ಅನುಮಾನ ಪಟ್ಟದ್ದಕ್ಕಲ್ಲ. ಬೆಳಗಿನಿಂದ ಒಬ್ಬರೂ, ಒಬ್ಬರೇ ಒಬ್ಬರೂ, ಸಿಟ್ಟು ಮಾಡಿರಲಿಲ್ಲ. ಐದು ವರ್ಷದ ಮಗುವಿನ ಕೈಗೆ ತಾಯಿ ಕಾದ ಕಬ್ಬಿಣ ಇಟ್ಟಿದ್ದಾಳೆ ಅಂತ ಇವರೆಲ್ಲ ನಂಬಿದ್ದರು, ನಂಬಿಯೂ ಪೇಸ್ಟು ತಂದಿದ್ದರು, ಲೋಳೆಸರ ತಂದಿದ್ದರು, ತಮ್ಮ ತಮ್ಮ ಕಲೆ ತೋರಿಸಿದ್ದರು. ಯಾರಾದರೂ ಒಬ್ಬರು ಜುಟ್ಟು ಹಿಡಿದು, ನೀನೇನು ಮನುಷ್ಯಳಾ ಅಂತ ಕೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದಳು. ಇವರದೆಲ್ಲ ಕ್ಷಮೆ. ಕೇಳದೇ ಬಂದ ಕ್ಷಮೆ, ಪುದೀನ ವಾಸನೆಯದು. ‘ಲೋಳೆಸರ ವಾಪಸ್ ತಗೊಂಡ್ಹೋಗಿ’ ಅಂದಳು. ಸರಸಮ್ಮನ ಮುಖ ಸಣ್ಣಗಾಯಿತು. ಅದೂ ಒಂದು ತಪ್ಪಾಗಿ ತನ್ನ ಲೆಕ್ಕಕ್ಕೇ ಸೇರಿತು.

ಗಂಡ ಕುಮಾರ್ ಹಾಸನದ ಟ್ರ್ಯಾಕ್ಟರ್ ಶೋರೂಮಿನಿಂದ ಸಂಜೆಯ ರೈಲಿಗೆ ಬಂದ. ಅವನಿಗೂ ಫೋನು ಹೋಗಿತ್ತು, ಸ್ಕೂಲಿನಿಂದಲೋ, ಅವ್ವನಿಂದಲೋ. ಶೂ ಬಿಚ್ಚುತ್ತ ಕೂತವನ ಬೆನ್ನು ನೋಡಿಯೇ ಅವಳು ತಿಳಿದುಕೊಂಡಳು, ಇವನು ರೈಲಿನಲ್ಲಿ ಕೂತು ಮಾತು ತಯಾರು ಮಾಡಿಕೊಂಡು ಬಂದಿದ್ದಾನೆ.

‘ರೂಪ, ಒಂದ್ ಮಾತು ಏಳ್ತೀನಿ, ಸಿಟ್ ಮಾಡ್ಕಬ್ಯಾಡ. ಎಳ್ದಿದ್ರೆ ಎಳ್ದೆ ಅಂದ್ಬುಡು. ನಾನೇನು ಬೈತೀನಾ? ದಿನವೆಲ್ಲ ನೀನೇ ನೋಡ್ಕಳದು, ಅಂಗಡಿ ಬೇರೆ. ತಲೆ ಕೆಡ್ತದೆ, ಗೊತ್ತು ನಂಗೆ.’

‘ನೀವೂನಾ?’

‘ನೋಡು, ನಾನು ಅನುಮಾನ ಪಡ್ತಿಲ್ಲ. ಆದ್ರೆ ನಿನ್ನೆ ರಾತ್ರಿ ಬಟ್ಟೆ ಬಿಚ್ದಾಗ ಆ ಗೆರೆ ನೋಡಿದ್ಯಾ ನೀನು? ಸ್ಕೇಲ್ ಇಟ್ಟು ಎಳ್ದಂಗೈತೆ. ಮಗ ಎಡವಿ ಮುಟ್ಟುದ್ರೆ ಅಂಗಾಯ್ತದಾ? ಬೆರಳು ಸುಡ್ತದೆ, ಅಂಗೈ ಸುಡ್ತದೆ. ಮುಂಗೈ ಎಂಗೆ?’

ಬೆಳಗಿನಿಂದ ಎಲ್ಲರಿಗೂ ಉತ್ತರ ಕಟ್ಟುತ್ತಿದ್ದವಳು ಇದೊಂದನ್ನು ತನಗೆ ಕೇಳಿಕೊಂಡಿರಲಿಲ್ಲ. ಓಡಿಬಂದಾಗ ಮಗುಚುವ ಕೈ ನೆಲದ ಮೇಲೆ ಬಿದ್ದಿತ್ತು. ಮರದ ಹಿಡಿ ಮಗುವಿನ ಕಡೆಗಿತ್ತು. ದೋಸೆ ತೆಗೆದುಕೊಳ್ಳಲು ಹೋಗಿರಬೇಕು ಅಂತ ತಾನೇ ಅಂದುಕೊಂಡು, ಅದನ್ನೇ ಊರಿಗೆಲ್ಲ ಹೇಳುತ್ತ ಬಂದಿದ್ದಳು. ಪ್ರೇಕ್ಷಾಗೆ ದೋಸೆ ಸೇರುವುದಿಲ್ಲ. ‘ಅವಳ ಕೈ ಬಟ್ಟೆ ಬದಲಾಯಿಸ್ಬೇಕು’ ಅಂತ ಹೇಳಿ ರೂಮಿಗೆ ಹೋದಳು. ಕೇಳಿಯೇ ಬಿಡುತ್ತೇನೆ, ಮಗುವಿನ ಬಾಯಿಂದಲೇ ಬರಲಿ, ಬಾಗಿಲು ತೆರೆದೇ ಇರಲಿ, ಅಪ್ಪನಿಗೂ ಕೇಳಿಸಲಿ ಅಂತ ರೋಷದಲ್ಲೇ ಹೋದಳು.

ಪ್ರೇಕ್ಷಾ ಮಂಚದ ಮೇಲೆ ಕೂತು ಕೈ ಚಾಚಿದಳು. ಈಗ ಅಳುವುದನ್ನು ಬಿಟ್ಟಿದ್ದಳು. ಬಟ್ಟೆ ಬಿಚ್ಚುವುದನ್ನು ಬೇರೆಯವರ ಕೈ ಎಂಬಂತೆ ಕುತೂಹಲದಿಂದ ನೋಡುತ್ತಿದ್ದಳು. ಬೊಬ್ಬೆ ಎರಡೂ ಒಡೆದಿರಲಿಲ್ಲ, ಒಳಗೆ ತಿಳಿ ನೀರು. ರೂಪಶ್ರೀ ಹೊಸ ಬಟ್ಟೆಯನ್ನು ಮಡಿಸುತ್ತ, ಆದಷ್ಟು ಸಾದಾ ದನಿಯಲ್ಲಿ ಕೇಳಿದಳು.

‘ಪುಟ್ಟಿ, ನಾನು ಬೈಯಲ್ಲ. ಅದು ನಿನ್ ಕೈಗೆ ಹೆಂಗೆ ತಾಗ್ತು?’

‘ತಾಗ್ಲಿಲ್ಲ. ನಾನೇ ಇಟ್ಕೊಂಡೆ.’

‘ಯಾಕೆ?’

‘ನೀನು ಬರೆ ಎಳೀತೀನಿ ಅಂದ್ಯಲ್ಲಮ್ಮ. ಎಷ್ಟು ನೋಯ್ತದೆ ಅಂತ ನೋಡ್ದೆ.’ ಪ್ರೇಕ್ಷಾ ಬಲಗೈಯ ತೋರುಬೆರಳನ್ನು ಗಾಯದ ಮೇಲೆ, ಮುಟ್ಟದೆ, ಗಾಳಿಯಲ್ಲಿ ಎಳೆದು ತೋರಿಸಿದಳು, ಮೇಲಿಂದ ಕೆಳಕ್ಕೆ, ಗೆರೆ ಎಳೆಯುವಾಗ ಮಿಸ್ಸು ಹೇಳಿಕೊಟ್ಟ ಹಾಗೆ ನೇರವಾಗಿ. ‘ಸ್ವಲ್ಪಾನೇ ನೋವಾದ್ರೆ ಎಳೆಸ್ಕೊಂಡ್ಬಿಡಾಣ, ಋ ಬರೆಯೋದೇ ಬೇಡ ಅಂತ. ಜಾಸ್ತಿ ನೋಯ್ತದಮ್ಮ. ನೀನು ಎಳೀಬೇಡ. ನಾನು ಬರೀತೀನಿ.’

ಗಾಜ್ ಬಟ್ಟೆ ಅವಳ ಕೈಯಲ್ಲಿ ಇನ್ನೊಂದು ಮಡಿಕೆ ಆಯಿತು, ಮತ್ತೊಂದು ಮಡಿಕೆ ಆಯಿತು, ಇನ್ನು ಸುತ್ತಲು ಬಾರದಷ್ಟು ಚಿಕ್ಕದಾಯಿತು. ಬಾಯಿಗೆ ಬರುವ ಮಾತು ಅದು, ಕೈಗೆ ಬರುವುದಲ್ಲ. ಹಾಗಂತ ಬೆಳಗಿನಿಂದ ಹೇಳಿಕೊಂಡು ಬಂದಿದ್ದಳು. ಈ ಮಗುವಿಗೆ ಆ ವ್ಯತ್ಯಾಸ ಯಾರು ಹೇಳಿಕೊಟ್ಟಿದ್ದರು? 

ಬಾಗಿಲಲ್ಲಿ ಕುಮಾರ್ ಬಂದು ನಿಂತಿದ್ದ, ಟವೆಲು ಹೆಗಲ ಮೇಲೆ ಹಾಕಿಕೊಂಡು. ಒಳಗಿನ ಮಾತು ಅವನಿಗೆ ಕೇಳಿಸಿರಲಿಲ್ಲ. ಬಗ್ಗಿ ಕೂತ ಹೆಂಡತಿಯ ಬೆನ್ನನ್ನಷ್ಟೇ ಕಂಡವನು ಸೋತ ದನಿಯಲ್ಲಿ, ಪ್ರೀತಿಯಿಂದಲೇ ಅಂದ.

‘ಆಯ್ತು ಕಣೆ, ಅಳಬ್ಯಾಡ. ನಂಬ್ದೆ. ನೀನು ಎಳೀಲಿಲ್ಲ. ಎದ್ದೇಳು, ಊಟಕ್ಕಿಡು.’

‘ನಂಬಬೇಡಿ’ ಅಂದಳು ರೂಪಶ್ರೀ.